ಬೆಳ್ಳಿಯ ಮುಸುಕು

ಮಕ್ಕಳೇ, ಹೋದ ತಿಂಗಳು ನಮ್ಮ ಮನೆಯಲ್ಲಿ ಒಂದು ಚಾರ್ಟು ಹರಿಯಿತು. ಹರಿದವಳು ಏಳನೇ ತರಗತಿಯಲ್ಲಿ ಓದುವ ನನ್ನ ಮೊಮ್ಮಗಳು ಪುಟ್ಟಿ. ಹರಿಯುವ ಹಾಗೆ ಮಾಡಿದವರು ಹಬ್ಬದ ಊಟಕ್ಕೆ ಬಂದಿದ್ದ ನೆಂಟರೊಬ್ಬರು. ಆದರೆ ಮೊದಲ ತಪ್ಪು ನನ್ನದೇ. ಅದಕ್ಕೇ ಈ ವಾರ ಅದನ್ನು ನಿಮ್ಮೆದುರು ಒಪ್ಪಿಕೊಳ್ಳುತ್ತಿದ್ದೇನೆ.

ನಡೆದದ್ದು ಇಷ್ಟು. ಶಾಲೆಯ ವಿಜ್ಞಾನ ಪ್ರದರ್ಶನಕ್ಕೆ ಪುಟ್ಟಿ ಶುಕ್ರ ಗ್ರಹವನ್ನು ಆರಿಸಿಕೊಂಡಿದ್ದಳು. ನಾನು ಎಂದೋ ಕತ್ತರಿಸಿ ಇಟ್ಟಿದ್ದ ಒಂದು ಚಿತ್ರವನ್ನು ಹುಡುಕಿ ಕೊಟ್ಟೆ. ಕೆಂಡದಂಥ ಕಿತ್ತಳೆ ಬಣ್ಣದ ಗೋಳ, ಮೈತುಂಬ ಹೊಳೆಯುವ ಬಿರುಕುಗಳು. ಅದನ್ನು ಡ್ರಾಯಿಂಗ್ ಶೀಟಿನ ನಡುವೆ ಅಂಟಿಸಿ, ಕೆಳಗೆ ಸ್ಕೆಚ್ ಪೆನ್ನಿನಲ್ಲಿ ‘ಶುಕ್ರ ನೋಡಲು ಹೀಗಿದ್ದಾನೆ’ ಎಂದು ದುಂಡಗೆ ಬರೆದಳು. ನಮ್ಮ ನೆಂಟರು ಕೈ ತೊಳೆದು ಬರುವಾಗ ಅದನ್ನು ನೋಡಿದರು. “ಇದು ಫೋಟೋನೇ ಅಲ್ಲ ಮರಿ. ಕಂಪ್ಯೂಟರಿನಲ್ಲಿ ಬಣ್ಣ ಬಳಿದದ್ದು. ಆಕಾಶದ ಚಿತ್ರಗಳೆಲ್ಲ ಹೀಗೇ, ಬರೀ ಸುಳ್ಳು” ಎಂದರು. ಎಲೆ ಅಡಿಕೆಗೆ ಸುಣ್ಣ ಕೇಳಿದರು. ಅವರಿಗೆ ಅದು ಅಲ್ಲಿಗೆ ಮುಗಿಯಿತು.

ಪುಟ್ಟಿ ಏನೂ ಮಾತಾಡಲಿಲ್ಲ. ಬೆಳಿಗ್ಗೆ ನೋಡಿದರೆ ಚಾರ್ಟು ನಾಲ್ಕು ಚೂರು.

“ಅಜ್ಜಿ, ಅದು ಹಾಕಿದ ಬಣ್ಣ ಅಂತ ನಿನಗೆ ಗೊತ್ತಿತ್ತಾ?”

ಮೂವತ್ತೆರಡು ವರ್ಷ ವಿಜ್ಞಾನದ ಮೇಷ್ಟ್ರಗಿತ್ತಿಯಾಗಿದ್ದವಳು ನಾನು. “ಗೊತ್ತಿತ್ತು” ಎಂದೆ.

“ಮತ್ತೆ ಯಾಕೆ ಹೇಳಲಿಲ್ಲ?”

ಚಿತ್ರ ಚೆನ್ನಾಗಿತ್ತು, ಅದಕ್ಕೇ ಹೇಳಲಿಲ್ಲ. ಇದು ಉತ್ತರವಾಗುವುದಿಲ್ಲ ಎಂದು ನನಗೇ ಗೊತ್ತಿತ್ತು. ಸುಮ್ಮನೆ ಬೀರು ತೆಗೆದು, ಎರಡು ವರ್ಷದ ಹಿಂದೆ ಬಚ್ಚಲಲ್ಲಿ ಜಾರಿ ಬಿದ್ದಾಗ ತೆಗೆಸಿದ್ದ ನನ್ನ ಮಣಿಕಟ್ಟಿನ ಎಕ್ಸ್‌ರೇಯನ್ನು ಹೊರಗೆಳೆದೆ. ಕಿಟಕಿಗೆ ಹಿಡಿದು, “ಇದು ನನ್ನ ಕೈಯೇ ಹೌದಾ?” ಎಂದು ಕೇಳಿದೆ.

“ಹೌದು.”

“ನನ್ನ ಕೈ ಕಪ್ಪು ಬಿಳುಪಾ? ಚರ್ಮ ಎಲ್ಲಿ? ಬಳೆ ತೆಗೆದಿದ್ದೆ ಸರಿ, ಬೆರಳಿನ ಸುಕ್ಕು ಎಲ್ಲಿ ಹೋಯಿತು?”

ಅವಳು ಫಿಲ್ಮನ್ನು ಹಿಂದೆ ಮುಂದೆ ತಿರುಗಿಸಿ ನೋಡಿದಳು. ಎಕ್ಸ್‌ರೇ ಬಿದ್ದ ಕಡೆ ಫಿಲ್ಮು ಕಪ್ಪಾಗುತ್ತದೆ. ಮೂಳೆ ಅದನ್ನು ತಡೆಯುತ್ತದೆ, ಹಾಗಾಗಿ ಮೂಳೆ ಇದ್ದ ಕಡೆ ಬಿಳಿ ಉಳಿಯುತ್ತದೆ. ಆ ಬಿಳಿ ನನ್ನ ಮೂಳೆಯ ಬಣ್ಣವಲ್ಲ, ಮೂಳೆಯ ನೆರಳು. ಆದರೂ ಅದರಲ್ಲಿ ಕಂಡ ಕೂದಲೆಳೆಯಂಥ ಗೆರೆಯನ್ನು ನಂಬಿಯೇ ಡಾಕ್ಟರು ಆರು ವಾರ ಪ್ಲಾಸ್ಟರ್ ಹಾಕಿದ್ದರು. “ಡಾಕ್ಟರು ನಂಬಿದ್ದು ಸುಳ್ಳು ಚಿತ್ರಾನಾ?” ಎಂದೆ. ಪುಟ್ಟಿ ಇಲ್ಲ ಎನ್ನಲಿಲ್ಲ, ಹೌದು ಎನ್ನಲೂ ಇಲ್ಲ. “ಕೈ ಬೇರೆ, ಗ್ರಹ ಬೇರೆ” ಎಂದಳು. ವಾದ ಮಾಡುವ ಮಕ್ಕಳನ್ನು ನಾನು ಯಾವತ್ತೂ ಬೈದವಳಲ್ಲ, ಹಾಗಾಗಿ ಮೊದಲಿಂದ ಹೇಳಬೇಕಾಯಿತು. ಅವಳಿಗೆ ಹೇಳಿದ್ದನ್ನೇ ನಿಮಗೂ ಹೇಳುತ್ತೇನೆ.

ನಮ್ಮ ಮನೆಯಲ್ಲಿ ಪುಟ್ಟಿಯ ಅಜ್ಜನ ಹಳೇ ಹಾರ್ಮೋನಿಯಂ ಇದೆ. ಮೂರು ಸಪ್ತಕದ್ದು. ಒಂದು ಸ-ದಿಂದ ಮುಂದಿನ ಮೇಲಿನ ಸ-ಕ್ಕೆ ಹೋದರೆ ಒಂದು ಸಪ್ತಕ, ಕಂಪನ ಸರಿಯಾಗಿ ಎರಡರಷ್ಟಾಗುತ್ತದೆ. ಬೆಳಕೂ ಅಲೆಯೇ. ಒಂದು ಅಲೆಯ ನೆತ್ತಿಯಿಂದ ಮುಂದಿನ ಅಲೆಯ ನೆತ್ತಿಗೆ ಇರುವ ದೂರವೇ ನಿಮ್ಮ ಪಾಠದಲ್ಲಿ ಬರುವ ತರಂಗಾಂತರ. ಒಂದು ಮಿಲಿಮೀಟರನ್ನು ಹತ್ತು ಲಕ್ಷ ಪಾಲು ಮಾಡಿದರೆ ಕೆಂಪು ಬೆಳಕಿನ ಅಲೆ ಸುಮಾರು 700 ಪಾಲು ಉದ್ದ, ನೇರಳೆಯದು ಸುಮಾರು 400 ಪಾಲು. ಅಂದರೆ ಕಾಮನಬಿಲ್ಲಿನ ಏಳು ಬಣ್ಣವೂ ಸೇರಿ ಹೆಚ್ಚೆಂದರೆ ಒಂದು ಸಪ್ತಕ! ಒಂದು ಮೀಟರ್ ಉದ್ದದ ರೇಡಿಯೋ ಅಲೆಯಿಂದ ಶುರು ಮಾಡಿ, ಎಕ್ಸ್‌ರೇ ದಾಟಿ, ಗಾಮಾ ಕಿರಣದವರೆಗೆ ಹೋದರೆ ಸುಮಾರು 40 ಸಪ್ತಕ ಆಗುತ್ತದೆ. ಅಜ್ಜನ ಹಾರ್ಮೋನಿಯಂನಂಥವು ಹದಿಮೂರನ್ನು ಪಕ್ಕಪಕ್ಕ ಇಟ್ಟರೂ ಸಾಲದು. ಆಕಾಶ ಅಷ್ಟೂ ಮನೆಗಳನ್ನು ಒತ್ತಿ ನುಡಿಸುತ್ತಿದೆ. ನಮ್ಮ ಕಣ್ಣಿಗೆ ಕೇಳುವುದು ನಡುವಿನ ಒಂದೇ ಸಪ್ತಕ. (ಕಣ್ಣಿಗೆ ಕೇಳುವುದೇ ಎಂದು ಪುಟ್ಟಿ ನಕ್ಕಳು. ನಗಲಿ ಎಂದೇ ಹಾಗೆ ಹೇಳಿದ್ದು.)

ಮಿಕ್ಕ ಸಪ್ತಕಗಳು ಇವೆ ಎಂದು ಮೊದಲು ಕಂಡುಹಿಡಿದವನೂ ಸಂಗೀತಗಾರನೇ. ವಿಲಿಯಂ ಹರ್ಷಲ್, ಜರ್ಮನಿಯಲ್ಲಿ ಹುಟ್ಟಿ ಇಂಗ್ಲೆಂಡಿನಲ್ಲಿ ಆರ್ಗನ್ ನುಡಿಸಿ ಬದುಕಿದವನು, ಯುರೇನಸ್ ಗ್ರಹವನ್ನು ಕಂಡವನು. 1800ರಲ್ಲಿ ಅವನು ಬಿಸಿಲನ್ನು ಗಾಜಿನ ಪಟ್ಟಕದ ಮೂಲಕ ಹಾಯಿಸಿ, ಮೇಜಿನ ಮೇಲೆ ಬಿದ್ದ ಒಂದೊಂದು ಬಣ್ಣದಲ್ಲೂ ಥರ್ಮಾಮೀಟರ್ ಇಟ್ಟು ಬಿಸಿ ಅಳೆದ. ಕೆಂಪು ಮುಗಿದ ಮೇಲೆ, ಏನೂ ಕಾಣದ ಜಾಗದಲ್ಲಿ ಇಟ್ಟ ಥರ್ಮಾಮೀಟರಿನ ಪಾದರಸ ಎಲ್ಲಕ್ಕಿಂತ ಮೇಲೇರಿತು. ಅದೇ ಅವಗೆಂಪು. ಮರುವರ್ಷ ಜರ್ಮನಿಯ ಯೋಹಾನ್ ರಿಟ್ಟರ್ ಇನ್ನೊಂದು ತುದಿಯಲ್ಲಿ, ನೇರಳೆ ಮುಗಿದ ಮೇಲೆ, ಬೆಳಕಿಗೆ ಕಪ್ಪಾಗುವ ಬೆಳ್ಳಿಯ ಲವಣವನ್ನಿಟ್ಟು ನೋಡಿದ. ಅಲ್ಲಿ ಅದು ಇನ್ನೂ ಬೇಗ ಕಪ್ಪಾಯಿತು. ಅದು ಅತಿನೇರಳೆ.

ಹರ್ಷಲ್‌ನಷ್ಟು ಕಷ್ಟ ನಿಮಗಿಲ್ಲ. ಟಿವಿ ರಿಮೋಟನ್ನು ಮೊಬೈಲ್ ಕ್ಯಾಮೆರಾದ ಎದುರು ಹಿಡಿದು ಗುಂಡಿ ಒತ್ತಿ. ರಿಮೋಟಿನ ಮೂತಿಯಲ್ಲಿ ಮಿಣುಕು ಬೆಳಕು ಕಾಣುತ್ತದೆ. ಹಿಂದಿನ ಕ್ಯಾಮೆರಾದಲ್ಲಿ ಕಾಣದಿದ್ದರೆ ಸೆಲ್ಫಿ ಕ್ಯಾಮೆರಾದಲ್ಲಿ ನೋಡಿ. ಬರಿಗಣ್ಣಿಗೆ ಅದು ಕಾಣುವುದಿಲ್ಲ. ದಿನಾ ರಾತ್ರಿ ಧಾರಾವಾಹಿ ಬದಲಾಯಿಸುವಾಗ ಕೋಣೆಯಲ್ಲಿ ಮಿಂಚುವುದು ಇದೇ ಅವಗೆಂಪು.

ಈಗ ಶುಕ್ರನಿಗೆ ಬರೋಣ. ನನ್ನ ಅಮ್ಮನ ಕಾಲದಲ್ಲಿ ಹಳ್ಳಿಯಲ್ಲಿ ಯಾರೂ ಶುಕ್ರ ಎನ್ನುತ್ತಿರಲಿಲ್ಲ. “ಬೆಳ್ಳಿ ಮೂಡಿತು, ಏಳ್ರೇ” ಎಂದು ಎಬ್ಬಿಸುತ್ತಿದ್ದರು. ಹಾಲು ಕರೆಯುವ ಹೊತ್ತು ಅದು. ಕೆಲವು ತಿಂಗಳು ಬೆಳಗಿನ ಜಾವ ಮೂಡಲಲ್ಲಿ, ಕೆಲವು ತಿಂಗಳು ಸಂಜೆ ಪಡುವಲಲ್ಲಿ, ಸೂರ್ಯ ಚಂದ್ರರನ್ನು ಬಿಟ್ಟರೆ ಆಕಾಶದಲ್ಲಿ ಎಲ್ಲಕ್ಕಿಂತ ಹೊಳೆಯುವುದು ಅದೇ. ಎಷ್ಟು ಹೊಳೆಯುತ್ತದೋ ಅಷ್ಟೇ ಗುಟ್ಟಿನದು. ಎಷ್ಟು ದೊಡ್ಡ ದೂರದರ್ಶಕದಲ್ಲಿ ನೋಡಿದರೂ ಕಣ್ಣಿಗೆ ಕಾಣುವುದು ಕೆನೆ ಬಳಿದ ಹಾಗೆ ಒಂದೇ ಸಮನಾದ ಬಿಳಿ. ಗುರುವಿನ ಮೇಲೆ ಪಟ್ಟೆಗಳಿವೆ, ಮಂಗಳನ ಮೇಲೆ ಕಲೆಗಳಿವೆ. ಶುಕ್ರನ ಮೇಲೆ ಏನೂ ಇಲ್ಲ! ದಟ್ಟ ಮೋಡದ ಮುಸುಕು. ಒಳಗೇನಿದೆ ಎಂದು ಕಾಣದಿದ್ದಾಗ ಮನುಷ್ಯ ಸುಮ್ಮನಿರುತ್ತಾನೆಯೇ? ಮೋಡ ಇದ್ದರೆ ಮಳೆ, ಮಳೆ ಇದ್ದರೆ ಕೆಸರು, ಕೆಸರಿದ್ದರೆ ಕಾಡು ಎಂದು ಊಹಿಸಿದರು. ಊಹಿಸಿದವರು ದಡ್ಡರಲ್ಲ. ನೊಬೆಲ್ ಬಹುಮಾನ ಪಡೆದ ಸ್ವೀಡನ್ನಿನ ಸ್ವಾಂಟೆ ಅರೇನಿಯಸ್ ಕೂಡ 1918ರಲ್ಲಿ ಶುಕ್ರನ ಮೇಲೆ ಜೌಗು ನೆಲ, ಸೊಂಪಾದ ಗಿಡಗಳು ಇರಬೇಕೆಂದು ಬರೆದಿದ್ದ.

ಮುಸುಕಿನಲ್ಲಿ ಮೊದಲು ಗೆರೆ ಕಂಡದ್ದು ಅತಿನೇರಳೆಯಲ್ಲಿ. 1927ರಲ್ಲಿ ಅಮೆರಿಕದ ಮೌಂಟ್ ವಿಲ್ಸನ್ ವೀಕ್ಷಣಾಲಯದಲ್ಲಿ ಫ್ರಾಂಕ್ ರಾಸ್ ಎಂಬಾತ ಅತಿನೇರಳೆ ಬೆಳಕನ್ನು ಮಾತ್ರ ಒಳಗೆ ಬಿಟ್ಟು ಶುಕ್ರನ ಫೋಟೋ ತೆಗೆದ. ಕೆನೆಯ ಮೇಲೆ ಕಪ್ಪು ಪಟ್ಟೆಗಳು! ಮೋಡದಲ್ಲಿ ಅತಿನೇರಳೆಯನ್ನು ನುಂಗುವ ವಸ್ತು ಯಾವುದೋ ಇದೆ, ಅದು ಎಲ್ಲಿ ಹೆಚ್ಚೋ ಅಲ್ಲಿ ಕಪ್ಪು. ಆ ವಸ್ತು ಯಾವುದೆಂಬುದು, ಹೇಳಿದರೆ ನಂಬುವುದಿಲ್ಲ, ಇಂದಿಗೂ ಪೂರ್ತಿ ಬಿಡಿಸದ ಒಗಟು.

ಅಜ್ಜ ಅಜ್ಜಿಯರಿಗೆ ಇಲ್ಲೊಂದು ಮಾತು. ಕಣ್ಣಿನ ಪೊರೆ ತೆಗೆಸಿಕೊಂಡ ಮಾರನೆಯ ದಿನ ಲೋಕವೆಲ್ಲ ನೀಲಿ ಸುರಿದ ಹಾಗೆ ಕಂಡಿತ್ತಲ್ಲವೇ? ನನಗಂತೂ ಬಿಳಿ ಸೀರೆಗೆ ಯಾರೋ ನೀಲಿ ಜಾಸ್ತಿ ಹಾಕಿದ್ದಾರೆ ಎನ್ನಿಸಿ ಸೊಸೆಯನ್ನು ಕೇಳಿಯೇಬಿಟ್ಟಿದ್ದೆ. ವಯಸ್ಸಾದ ಹಾಗೆ ಕಣ್ಣಿನ ಮಸೂರ ಹಳದಿಯಾಗಿ ನೀಲಿ ನೇರಳೆಗಳನ್ನು ತಡೆಯುತ್ತದೆ. ಅತಿನೇರಳೆಯನ್ನಂತೂ ಎಳೆಯ ಕಣ್ಣಿನ ಮಸೂರವೂ ಬಹುಪಾಲು ತಡೆಯುತ್ತದೆ. ನಾವು ‘ಇದ್ದದ್ದು ಇದ್ದ ಹಾಗೆ’ ಎಂದುಕೊಳ್ಳುವ ನೋಟವೂ ಒಂದು ಸೋಸಿದ ನೋಟವೇ. ಹಿತ್ತಿಲಿನ ಜೇನುನೊಣ ಅತಿನೇರಳೆಯನ್ನು ನೋಡುತ್ತದೆ. ಅದರ ಹೂವೇ ಬೇರೆ, ನಮ್ಮ ಹೂವೇ ಬೇರೆ.

ಆ ಕಪ್ಪು ಪಟ್ಟೆಗಳಿಂದ ಒಂದು ಒಳ್ಳೆಯ ಜಗಳ ಹುಟ್ಟಿತು. ಆಫ್ರಿಕದ ಕಾಂಗೋದ ಬ್ರಾಝವಿಲ್‌ನಲ್ಲಿ ಶಾರ್ಲ್ ಬ್ವಾಯೆ ಎಂಬ ಫ್ರೆಂಚ್ ನ್ಯಾಯಾಧೀಶರಿದ್ದರು. ನಕ್ಷತ್ರ ನೋಡುವುದು ಅವರ ಹವ್ಯಾಸ. 1957ರಲ್ಲಿ ಅವರು ಸಣ್ಣ ದೂರದರ್ಶಕದಲ್ಲಿ ಶುಕ್ರನ ಇಂಥ ಚಿತ್ರಗಳನ್ನು ತೆಗೆಯುತ್ತಾ ಹೋದರು. ಅದೇ ಕಪ್ಪು ಗುರುತು ನಾಲ್ಕು ದಿನಕ್ಕೊಮ್ಮೆ ಮತ್ತೆ ಎದುರಿಗೆ ಬರುತ್ತಿತ್ತು. ಹಾಗಾದರೆ ಶುಕ್ರ ನಾಲ್ಕು ದಿನಕ್ಕೆ ಒಂದು ಸುತ್ತು ತಿರುಗುತ್ತಾನೆ! ಇದೇ ಹೊತ್ತಿಗೆ ಇನ್ನೊಂದು ಕಡೆ, ರೇಡಾರ್ ಹಿಡಿದವರು ಬೇರೆಯದೇ ಲೆಕ್ಕ ತಂದರು. 1961ರಲ್ಲಿ ಅಮೆರಿಕದ ಗೋಲ್ಡ್‌ಸ್ಟೋನ್‌ನಿಂದ ಕಳಿಸಿದ ರೇಡಿಯೋ ಅಲೆ, ಶುಕ್ರ ನಮಗೆ ಹತ್ತಿರ ಇದ್ದ ದಿನಗಳಲ್ಲಿ, ನಾಲ್ಕು ಕೋಟಿ ಕಿಲೋಮೀಟರಿಗೂ ಹೆಚ್ಚು ದೂರ ಹೋಗಿ ಅವನಿಗೆ ಬಡಿದು ಐದು ನಿಮಿಷದೊಳಗೆ ಹಿಂದಿರುಗಿತು. ಮೋಡ ಅದಕ್ಕೆ ಅಡ್ಡವೇ ಅಲ್ಲ, ನೇರ ನೆಲಕ್ಕೇ ಬಡಿದು ಬಂದದ್ದು. ಮುಂದಿನ ವರ್ಷಗಳಲ್ಲಿ ಆ ಮಾರ್ದನಿಗಳನ್ನು ಅಳೆದಾಗ ತಿಳಿಯಿತು: ಶುಕ್ರನ ನೆಲ ಒಂದು ಸುತ್ತು ತಿರುಗಲು 243 ದಿನ ಬೇಕು, ಅದೂ ನಮ್ಮ ಭೂಮಿ ತಿರುಗುವುದಕ್ಕೆ ಉಲ್ಟಾ. ಅಲ್ಲಿ ಸೂರ್ಯ ಹುಟ್ಟುವುದು ಪಶ್ಚಿಮದಲ್ಲಿ. ಅವನು ಸೂರ್ಯನನ್ನು ಸುತ್ತಿ ಬರಲು 225 ದಿನ ಸಾಕು. ವರ್ಷಕ್ಕಿಂತ ಒಂದು ಸುತ್ತೇ ಉದ್ದ!

“ನಾಲ್ಕೋ, 243ಓ? ಎರಡರಲ್ಲಿ ಒಬ್ಬರು ತಪ್ಪು” ಎಂದಳು ಪುಟ್ಟಿ. ಆಗಿನ ಕೆಲವು ಪಂಡಿತರೂ ಹಾಗೇ ಅಂದರು, ನ್ಯಾಯಾಧೀಶರ ಮಾತನ್ನು ಬಹಳ ಜನ ಒಪ್ಪಲಿಲ್ಲ. 1974ರ ಫೆಬ್ರವರಿಯಲ್ಲಿ ಮ್ಯಾರಿನರ್-10 ನೌಕೆ ಶುಕ್ರನ ಪಕ್ಕದಿಂದ ಹಾಯ್ದು ಹೋಗುತ್ತಾ ಅತಿನೇರಳೆ ಕ್ಯಾಮೆರಾದಲ್ಲಿ ಸಾಲು ಸಾಲು ಚಿತ್ರ ತೆಗೆಯಿತು. ಮೋಡಗಳು ನಿಜಕ್ಕೂ ನಾಲ್ಕು ದಿನಕ್ಕೊಮ್ಮೆ ಸುತ್ತು ಹಾಕುತ್ತಿದ್ದವು. ಇಬ್ಬರೂ ಸರಿ. ಅತಿನೇರಳೆ ನೋಡಿದ್ದು ಮೇಲಿನ ಗಾಳಿಯನ್ನು, ರೇಡಾರ್ ನೋಡಿದ್ದು ಕೆಳಗಿನ ನೆಲವನ್ನು. ಒಲೆಯ ಮೇಲೆ ಪಾತ್ರೆ ಇದ್ದಲ್ಲೇ ಇದ್ದರೂ ಸೌಟಾಡಿಸಿದ ಸಾರು ಗಿರ್ರನೆ ಸುತ್ತುವುದಿಲ್ಲವೇ, ಹಾಗೆ. ಅಲ್ಲಿನ ಗಾಳಿಯ ವೇಗ ಗಂಟೆಗೆ ಸುಮಾರು 360 ಕಿಲೋಮೀಟರ್. ಈ ಎರಡೂ ಚಿತ್ರ ಇಲ್ಲದಿದ್ದರೆ, ನೆಲವನ್ನು ಹಿಂದೆ ಹಾಕಿ ಓಡುವ ಆ ಗಾಳಿಯ ಸುದ್ದಿಯೇ ನಮಗೆ ಸಿಗುತ್ತಿರಲಿಲ್ಲ.

ಜೌಗು ಕಾಡಿನ ಕನಸನ್ನು ಒಡೆದದ್ದೂ ರೇಡಿಯೋ ಬೆಳಕೇ. ‘ರೇಡಿಯೋ ಬೆಳಕು’ ಎಂದರೆ ಕೆಲವರಿಗೆ ವಿಚಿತ್ರ ಅನ್ನಿಸುತ್ತದೆ. ಹಿಂದೊಮ್ಮೆ ಶಾಲೆಯ ಮಕ್ಕಳನ್ನು ಕರೆದುಕೊಂಡು ಗೌರಿಬಿದನೂರಿನ ಹತ್ತಿರದ ರೇಡಿಯೋ ದೂರದರ್ಶಕ ನೋಡಲು ಹೋಗಿದ್ದೆ. ದೊಡ್ಡ ಕೊಳವೆ, ಗಾಜು, ಗುಮ್ಮಟ ಇರುತ್ತದೆ ಎಂದುಕೊಂಡಿದ್ದ ಮಕ್ಕಳಿಗೆ ಕಂಡದ್ದು ಬಯಲಿನಲ್ಲಿ ಒಂದು ಕಿಲೋಮೀಟರಿಗೂ ಉದ್ದಕ್ಕೆ ನೆಟ್ಟ ಕಂಬಗಳು, ತಂತಿಗಳು. “ಮಿಸ್, ಇಲ್ಲಿ ಯಾರು ಇಷ್ಟೊಂದು ಬಟ್ಟೆ ಒಣಹಾಕ್ತಾರೆ?” ಎಂದು ಒಬ್ಬ ಕೇಳಿದ್ದ. ಎಂಟು ಮೀಟರಿಗೂ ಉದ್ದದ ಅಲೆಗಳನ್ನು ಹಿಡಿಯಲು ಅಷ್ಟೇ ದೊಡ್ಡ ‘ಕಣ್ಣು’ ಬೇಕು. ಗಾಜು ಬೇಕಿಲ್ಲ, ತಂತಿ ಸಾಕು.

ಶುಕ್ರನ ಕಡೆ ತಿರುಗಿಸಿದ್ದು ಇದಕ್ಕಿಂತ ಗಿಡ್ಡ ಅಲೆಯ, ಮೂರು ಸೆಂಟಿಮೀಟರಿನ ‘ಕಣ್ಣು’. 1956ರಲ್ಲಿ ವಾಷಿಂಗ್ಟನ್ನಿನ ನೌಕಾ ಸಂಶೋಧನಾ ಪ್ರಯೋಗಾಲಯದ ತಾರಸಿಯ ಮೇಲಿದ್ದ 50 ಅಡಿ ಅಗಲದ ಬಟ್ಟಲಿನಿಂದ ಕಾರ್ನೆಲ್ ಮೇಯರ್ ಮತ್ತು ಸಂಗಡಿಗರು ಶುಕ್ರನಿಂದ ಬರುವ ರೇಡಿಯೋ ಅಲೆಯನ್ನು ಅಳೆದರು. ಯಾವುದೇ ವಸ್ತು ಬಿಸಿಯಾಗಿದ್ದಷ್ಟೂ ಇಂಥ ಅಲೆಯನ್ನು ಹೆಚ್ಚು ಸೂಸುತ್ತದೆ. ಲೆಕ್ಕ ಹಾಕಿದರೆ 300 ಡಿಗ್ರಿ ಸೆಲ್ಸಿಯಸ್ ಆಸುಪಾಸು ಬಂತು! ನೀರು ಕುದಿಯುವುದು ನೂರಕ್ಕೆ. ಜೌಗೆಲ್ಲಿ, ಗಿಡವೆಲ್ಲಿ? ಇದನ್ನೂ ಎಲ್ಲರೂ ಒಪ್ಪಲಿಲ್ಲ. ಬಿಸಿ ಇರುವುದು ನೆಲದಲ್ಲಲ್ಲ, ಮೇಲಿನ ತೆಳು ಗಾಳಿಯಲ್ಲಿ ಎಂದು ಕೆಲವರು ಪಟ್ಟು ಹಿಡಿದರು. 1962ರ ಡಿಸೆಂಬರಿನಲ್ಲಿ ಮ್ಯಾರಿನರ್-2 ಹತ್ತಿರ ಹೋಗಿ ನೋಡಿತು. ಅಲೆ ಬರುತ್ತಿದ್ದದ್ದು ಮೇಲಿನ ಗಾಳಿಯಿಂದ ಆಗಿದ್ದರೆ ಗೋಳದ ಅಂಚು ಹೆಚ್ಚು ಹೊಳೆಯಬೇಕಿತ್ತು. ಅಂಚು ಮಂಕಾಗಿತ್ತು. ಬಿಸಿ ಕೆಳಗಿನಿಂದಲೇ ಬರುತ್ತಿತ್ತು. 1970ರಲ್ಲಿ ಸೋವಿಯತ್ ನೌಕೆ ವೆನೆರಾ-7 ಅಲ್ಲಿ ಇಳಿದು ಅಳೆದಾಗ 475 ಡಿಗ್ರಿ. ಸೀಸ ಕರಗುವ ಬಿಸಿ. ಅಮ್ಮ ನಮ್ಮನ್ನು ಎಬ್ಬಿಸುತ್ತಿದ್ದ ಆ ತಣ್ಣನೆಯ ಬೆಳ್ಳಿ, ಕುಲುಮೆ!

ಈಗ ಹರಿದ ಚಾರ್ಟಿನ ಕಿತ್ತಳೆ ಚಿತ್ರಕ್ಕೆ ಬರುತ್ತೇನೆ. ನಾನು ಮೊದಲೇ ಹೇಳಬೇಕಾಗಿದ್ದದ್ದು ಇದು.

ಅದು ಮೆಜೆಲನ್ ನೌಕೆಯ ಚಿತ್ರ. 1990ರಿಂದ 1994ರವರೆಗೆ ಶುಕ್ರನನ್ನು ಸುತ್ತುತ್ತಾ ಅದು ನೆಲದ ನೂರಕ್ಕೆ 98 ಭಾಗವನ್ನು ರೇಡಾರಿನಿಂದ ತಡವಿ ನೋಡಿತು. ಹೌದು, ತಡವಿ ಎನ್ನುವುದೇ ಸರಿಯಾದ ಮಾತು. 12.6 ಸೆಂಟಿಮೀಟರಿನ ಅಲೆ ಕಳಿಸುವುದು, ಹಿಂದಿರುಗಿದ್ದನ್ನು ಹಿಡಿಯುವುದು. ಅದಕ್ಕೆ ಬಣ್ಣವೇ ಇಲ್ಲ. ಚಿತ್ರದಲ್ಲಿ ಬೆಳ್ಳಗೆ ಕಂಡದ್ದು ಬೆಳಕಲ್ಲ, ಬೆಂಕಿಯೂ ಅಲ್ಲ. ಬಹುತೇಕ ಕಡೆ ಅದು ಒರಟು ನೆಲ, ಕಪ್ಪಾಗಿ ಕಂಡದ್ದು ನುಣುಪು ನೆಲ. ಇದು ನಂಬಿಕೆಯಾಗದಿದ್ದರೆ ರಾತ್ರಿ ದೀಪ ಆರಿಸಿ, ನೆಲದ ಮೇಲೆ ಒಂದು ಕನ್ನಡಿ, ಪಕ್ಕದಲ್ಲಿ ಒಂದು ಬಿಳಿ ಟವೆಲ್ ಇಟ್ಟು, ದೂರ ನಿಂತು ಓರೆಯಾಗಿ ಟಾರ್ಚ್ ಬಿಡಿ. ಟವೆಲ್ ಬೆಳ್ಳಗೆ ಹೊಳೆಯುತ್ತದೆ. ಕನ್ನಡಿ ಕಪ್ಪು ಗುಂಡಿಯಂತೆ ಕಾಣುತ್ತದೆ! ಅದು ಬೆಳಕನ್ನು ಆಚೆ ಕಡೆಗೆ ಜಾರಿಸಿಬಿಡುತ್ತದೆ, ನಿಮ್ಮ ಕಡೆಗೆ ಕಳಿಸುವುದೇ ಇಲ್ಲ. ಪುಟ್ಟಿ ಇದನ್ನು ಮೂರು ರಾತ್ರಿ ಮಾಡಿದಳು. ಎರಡನೇ ರಾತ್ರಿ ಕನ್ನಡಿಯ ಮೇಲೆ ರವೆ ಚೆಲ್ಲಿ ಒರಟು ಮಾಡಿ ನೋಡಿದಳು. ಅದು ನನಗೆ ಹೊಳೆದಿರಲಿಲ್ಲ.

ಹಾಗಾದರೆ ಕಿತ್ತಳೆ ಎಲ್ಲಿಂದ ಬಂತು? ಅದನ್ನು ಮನುಷ್ಯರೇ ಹಾಕಿದ್ದು. ಆದರೆ ಮನಸ್ಸಿಗೆ ಬಂದಂತೆ ಹಾಕಿದ್ದಲ್ಲ. 1982ರಲ್ಲಿ ವೆನೆರಾ-13 ಮತ್ತು ವೆನೆರಾ-14 ಶುಕ್ರನ ನೆಲಕ್ಕಿಳಿದು ಬಣ್ಣದ ಚಿತ್ರ ಕಳಿಸಿದ್ದವು. ವೆನೆರಾ-13 ಅರ್ಧ ಗಂಟೆ ಬದುಕಿದರೆ ಸಾಕು ಎಂದುಕೊಂಡಿದ್ದರೆ, ಆ ಕುಲುಮೆಯಲ್ಲಿ 127 ನಿಮಿಷ ಬಾಳಿತು. ದಟ್ಟ ಗಾಳಿ ನೀಲಿ ಬೆಳಕನ್ನು ನುಂಗಿಬಿಡುವುದರಿಂದ ಅಲ್ಲಿ ಹಗಲೇ ಕಿತ್ತಳೆ. ಆ ಬಣ್ಣವನ್ನೇ ತಂದು ರೇಡಾರ್ ನಕ್ಷೆಗೆ ಬಳಿದರು. ಇಷ್ಟಾದರೂ ನಮ್ಮ ನೆಂಟರ ಮಾತಿನಲ್ಲಿ ಅರ್ಧ ನ್ಯಾಯ ಇತ್ತು ಎಂದು ಪುಟ್ಟಿಗೆ ಹೇಳಿದೆ. ಕೆಲವು ಚಿತ್ರಗಳಲ್ಲಿ ಬೆಟ್ಟಗಳ ಎತ್ತರವನ್ನು ಹಲವು ಪಟ್ಟು ಹಿಗ್ಗಿಸಿ, ಬರೀ ಏರುತಗ್ಗಿನ ನೆಲವನ್ನು ಹಿಮಾಲಯದ ಹಾಗೆ ತೋರಿಸಿದ್ದೂ ಉಂಟು. ಹಿಗ್ಗಿಸಿದ್ದೇವೆ ಎಂದು ಕೆಳಗೆ ಬರೆದೇ ಕೊಟ್ಟಿದ್ದರು. ಆ ಸಾಲನ್ನು ಕತ್ತರಿಸಿ ಚಿತ್ರ ಮಾತ್ರ ಇಟ್ಟುಕೊಂಡವರು ನನ್ನಂಥವರು. ನನ್ನ ಕತ್ತರಿಯೇ ನನ್ನ ತಪ್ಪು.

ಒಂದು ಬೆಳಕು ಇನ್ನೊಂದರ ಗುಟ್ಟನ್ನು ಹೇಗೆ ಹೊರಗೆಡಹುತ್ತದೆ ಎಂಬುದಕ್ಕೆ ನನಗೆ ಬಹಳ ಇಷ್ಟವಾದ ಕಥೆ ಜಪಾನಿನ ಅಕತ್ಸುಕಿ ನೌಕೆಯದು. ಹೆಸರಿನ ಅರ್ಥ ಮುಂಜಾವು. 2010ರ ಡಿಸೆಂಬರಿನಲ್ಲಿ ಶುಕ್ರನ ಹತ್ತಿರ ಹೋದಾಗ ಅದರ ಮುಖ್ಯ ಎಂಜಿನ್ ಕೈಕೊಟ್ಟಿತು. ನೌಕೆ ಗುರಿ ತಪ್ಪಿ ಸೂರ್ಯನನ್ನು ಸುತ್ತತೊಡಗಿತು. ಬೇರೆಯವರಾಗಿದ್ದರೆ ಎಳ್ಳು ನೀರು ಬಿಡುತ್ತಿದ್ದರೇನೋ. ಅವರು ಐದು ವರ್ಷ ಕಾದರು. 2015ರ ಡಿಸೆಂಬರ್ 7ರಂದು, ದಿಕ್ಕು ತಿದ್ದಲಿಕ್ಕೆಂದು ಇಟ್ಟಿದ್ದ ಪುಟ್ಟ ಎಂಜಿನ್‌ಗಳನ್ನೇ ಸುಮಾರು ಇಪ್ಪತ್ತು ನಿಮಿಷ ಉರಿಸಿ ಅದನ್ನು ಶುಕ್ರನ ಸುತ್ತಿಗೆ ಹಾಕಿದರು. ಹೋದ ತಕ್ಷಣ ಅದರ ಅವಗೆಂಪು ಕ್ಯಾಮೆರಾ ಮೋಡದ ನೆತ್ತಿಯ ಬಿಸಿಯನ್ನು ನೋಡಿತು. ಉತ್ತರದಿಂದ ದಕ್ಷಿಣಕ್ಕೆ ಸುಮಾರು 10,000 ಕಿಲೋಮೀಟರ್ ಉದ್ದದ ಒಂದು ಬಿಲ್ಲು! ಗಾಳಿ ಗಂಟೆಗೆ 360 ಕಿಲೋಮೀಟರ್ ವೇಗದಲ್ಲಿ ಓಡುತ್ತಿದ್ದರೂ ಆ ಬಿಲ್ಲು ದಿನಗಟ್ಟಲೆ ಇದ್ದಲ್ಲೇ ಇತ್ತು. ರೇಡಾರ್ ನಕ್ಷೆ ತೆಗೆದು ನೋಡಿದರೆ, ಅದರ ಕೆಳಗೆ ಇದ್ದದ್ದು ಆಫ್ರೊಡೈಟಿ ಎಂಬ ದೊಡ್ಡ ಮಲೆನಾಡು. ಹೊಳೆಯ ಅಡಿಯಲ್ಲಿ ಬಂಡೆ ಇದ್ದರೆ ಮೇಲೆ ನೀರು ಅಲ್ಲೇ ಉಬ್ಬಿ ನಿಲ್ಲುತ್ತದಲ್ಲ, ಅಂಥದ್ದೇ. ಕಣ್ಣಿಗೆ ಕಾಣದ ಬೆಟ್ಟ ಅರವತ್ತು ಕಿಲೋಮೀಟರಿಗೂ ಮೇಲಿನ ಮೋಡದಲ್ಲಿ ತನ್ನ ಗುರುತು ಒತ್ತಿತ್ತು. ಅಕತ್ಸುಕಿ 2024ರವರೆಗೆ ಭೂಮಿಯ ಜೊತೆ ಮಾತಾಡುತ್ತಿತ್ತು, ಆಮೇಲೆ ಸಂಪರ್ಕ ತಪ್ಪಿತು.

ಕಣ್ಣಿನ ಸಪ್ತಕವನ್ನು ಪೂರ್ತಿ ಹೀಗಳೆಯುವುದೂ ಬೇಡ. 2020ರ ಜುಲೈಯಲ್ಲಿ, ಸೂರ್ಯನ ಕಡೆ ಹೊರಟಿದ್ದ ಪಾರ್ಕರ್ ನೌಕೆ ಶುಕ್ರನ ಕತ್ತಲ ಬದಿಯನ್ನು ದಾಟುವಾಗ ಅದರ ಕ್ಯಾಮೆರಾದಲ್ಲಿ ಆಫ್ರೊಡೈಟಿ ಮಲೆನಾಡು ಮಸುಕಾಗಿ ಮೂಡಿತು. ಆ ಕ್ಯಾಮೆರಾ ನೋಡುವುದು ಹೆಚ್ಚಾಗಿ ನಮ್ಮ ಕಣ್ಣು ಕಾಣುವ ಬೆಳಕನ್ನೇ. ಅಷ್ಟು ಕಾದ ನೆಲ, ಕುಲುಮೆಯಿಂದ ತೆಗೆದ ಕಬ್ಬಿಣದಂತೆ, ರಾತ್ರಿಯಲ್ಲಿ ತಾನೇ ಮಂದ ಕೆಂಪಗೆ ಹೊಳೆಯುತ್ತದೆ. ಹಗಲಿನ ಬೆಳ್ಳಿ ಹೊಳಪಿನಲ್ಲಿ ಅದು ಮುಳುಗಿಹೋಗಿರುತ್ತಿತ್ತು, ಅಷ್ಟೆ.

ಪುಟ್ಟಿ ಹೊಸ ಚಾರ್ಟು ಮಾಡಿದಳು. ಒಂದೇ ಅಳತೆಯ ನಾಲ್ಕು ವೃತ್ತ. ಮೊದಲನೆಯದು ಖಾಲಿ ಬಿಳಿ, ಎರಡನೆಯದರಲ್ಲಿ ಪಟ್ಟೆ, ಮೂರನೆಯದರಲ್ಲಿ ಬಿಲ್ಲು, ನಾಲ್ಕನೆಯದರಲ್ಲಿ ಹರಿದ ಚಾರ್ಟಿನಿಂದ ಬಿಡಿಸಿ ಅಂಟಿಸಿದ ಅದೇ ಕಿತ್ತಳೆ ಗೋಳ, ನಡುವೆ ಹರಿದ ಗೆರೆಯೂ ಹಾಗೇ. ಪ್ರತಿಯೊಂದರ ಕೆಳಗೆ ಮೂರು ಸಾಲು: ಯಾವ ಬೆಳಕು, ಕಂಡದ್ದು ಏನು, ಬಣ್ಣ ಯಾರದು. ನಾಲ್ಕನೆಯದರ ಕೆಳಗೆ ‘ಬಣ್ಣ: ಮನುಷ್ಯರು ಹಾಕಿದ್ದು, ವೆನೆರಾ ನೋಡಿ ಹೇಳಿದ ಮೇಲೆ’ ಎಂದಿತ್ತು. ‘ಶುಕ್ರ ನೋಡಲು ಹೀಗಿದ್ದಾನೆ’ ಎಂಬ ಸಾಲು ಎಲ್ಲೂ ಇರಲಿಲ್ಲ.

ಪ್ರದರ್ಶನ ಮುಗಿದ ಮೇಲೆ ಆ ನೆಂಟರು ಮತ್ತೆ ಬಂದರು. ನಡುಮನೆಯ ಗೋಡೆಯ ಮೇಲಿದ್ದ ಚಾರ್ಟನ್ನು ಕನ್ನಡಕ ಏರಿಸಿ ಓದಿದರು. “ಈ ಬಿಲ್ಲು ಏನಮ್ಮಾ?” ಎಂದು ಕೇಳಿದರು. ಅವಳು ಬಂಡೆಯ ಕಥೆ ಹೇಳಿದಳು, ಟವೆಲ್ ತಂದಳು, ಹಗಲಲ್ಲೇ ಕೋಣೆಯ ಕಿಟಕಿ ಮುಚ್ಚಿಸಿದಳು. ಅವರ ಕಾಫಿ ಆರಿಹೋಯಿತು. ಕನ್ನಡಿಯ ಮೇಲೆ ರವೆ ಚೆಲ್ಲುವ ಕೆಲಸವನ್ನು ಅವರೇ ಮಾಡಿದರು, ಗುಡಿಸುವ ಕೆಲಸ ಮಾತ್ರ ನನಗೆ ಬಿತ್ತು.

ಹೊರಡುವಾಗ ಅವರು, “ನಮ್ಮವರು ಯಾವಾಗ ಹೋಗೋದು ಅಲ್ಲಿಗೆ?” ಎಂದರು. ಬೆಂಗಳೂರಿನ ಇಸ್ರೋದ ಶುಕ್ರಯಾನಕ್ಕೆ 2024ರ ಸೆಪ್ಟೆಂಬರಿನಲ್ಲಿ ಕೇಂದ್ರ ಸಂಪುಟ ಒಪ್ಪಿಗೆ ಕೊಟ್ಟಿದೆ. 2028ರ ಮಾರ್ಚಿನಲ್ಲಿ ಹಾರಿಸುವ ಯೋಜನೆ. ಅದರಲ್ಲೂ ರೇಡಾರ್ ಇರುತ್ತದೆ. ಪುಟ್ಟಿ ಬೆರಳು ಮಡಿಸಿ ಆಗ ತಾನು ಯಾವ ತರಗತಿ ಎಂದು ಲೆಕ್ಕ ಹಾಕಿದಳು. ಆಮೇಲೆ ನನ್ನ ವಯಸ್ಸು ಎಷ್ಟಾಗುತ್ತದೆ ಎಂದೂ ಲೆಕ್ಕ ಹಾಕಿ, ಎಲ್ಲರಿಗೂ ಕೇಳುವ ಹಾಗೆ ಹೇಳಿದಳು.